ಚೊಕ್ಕ ಪ್ರತಿ

ಮಾರ್ಚ್ 3, ಸೋಮವಾರ

ನಮ್ಮ ಸಾಹೇಬರು ಇವತ್ತು 'ತಪ್ಪು ತಿಳ್ಕೋಬೇಡಿ' ಎಂದದ್ದು ಹತ್ತೊಂಬತ್ತು ಸಲ. ಊಟಕ್ಕೆ ಮುಂಚೆ ಹನ್ನೊಂದು, ಆಮೇಲೆ ಎಂಟು. 'ತಪ್ಪು ತಿಳ್ಕೋಬೇಡಿ, ಫ್ಯಾನ್ ಸ್ವಲ್ಪ ಕಡಿಮೆ ಮಾಡ್ತೀರಾ?' ಇದರಲ್ಲಿ ತಪ್ಪು ತಿಳಿಯುವುದಕ್ಕೆ ಏನಿದೆ? ನಿಜಕ್ಕೂ ತಪ್ಪು ತಿಳಿಯಬೇಕಾದ ಮಾತನ್ನು ಮಾತ್ರ ಈ ಮನುಷ್ಯ ಪೀಠಿಕೆಯಿಲ್ಲದೆ ಹೇಳುತ್ತಾರೆ. 'ನಿಮ್ಮ ಬಡ್ತಿ ಈ ವರ್ಷಾನೂ ಇಲ್ಲ.' ಅಷ್ಟೇ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ.

ಎಣಿಸುವುದು ನನಗೆ ಕೆಲಸದಿಂದ ಅಂಟಿದ ರೋಗ. ಅಪಘಾತ ವಿಚಾರಣಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಡ್‌ಫೋನ್ ಹಾಕಿಕೊಂಡು ಜನರ ಹೇಳಿಕೆ ಟೈಪ್ ಮಾಡುತ್ತಿದ್ದೇನೆ. ಮೊದಲು ಹಸಿ ಪ್ರತಿ: ಬಾಯಲ್ಲಿ ಬಂದದ್ದು ಬಂದ ಹಾಗೆ. ಆಮೇಲೆ ಚೊಕ್ಕ ಪ್ರತಿ: ತೊದಲು, ಹೇಳಿದ್ದನ್ನೇ ಹೇಳಿದ್ದು, ಅರ್ಧಕ್ಕೆ ನಿಂತ ವಾಕ್ಯ, ಮಾತಿನ ಚಟ, ಎಲ್ಲ ತೆಗೆದದ್ದು. ಹೇಳಿಕೆ ಕೊಟ್ಟವನು ಚೊಕ್ಕ ಪ್ರತಿಗೆ ಸಹಿ ಹಾಕಿದರೆ ಮುಗಿಯಿತು. ಹಸಿ ಪ್ರತಿ ಅವತ್ತೇ ಚೂರಾಗುತ್ತದೆ, ಧ್ವನಿಮುದ್ರಿಕೆ ಮೂವತ್ತನೇ ದಿನ ಅಳಿಸಿಹೋಗುತ್ತದೆ. ಅಳಿಸುವವಳೂ ನಾನೇ. ನನ್ನ ಚೊಕ್ಕ ಪ್ರತಿಯಲ್ಲಿ ಇಲ್ಲಿಯವರೆಗೆ ಯಾರೂ ಬೆರಳಿಟ್ಟು ತೋರಿಸುವ ತಪ್ಪು ಸಿಕ್ಕಿಲ್ಲ.

ಜನ ಎಂಥೆಂಥ ಮಾತಿಗೆ ಜೋತುಬಿದ್ದಿರುತ್ತಾರೆ! 'ನಾನೇನ್ ಹೇಳ್ತೀನಿ ಅಂದ್ರೆ' ಎಂದು ಶುರುಮಾಡಿ ಏನೂ ಹೇಳದವರು. ಪ್ರತಿ ವಾಕ್ಯದ ಬಾಲಕ್ಕೆ 'ಗೊತ್ತಾಯ್ತಾ?' ಕಟ್ಟುವವರು. 'ದೇವರಾಣೆ ಸುಳ್ಳು ಹೇಳಲ್ಲ' ಎಂದು ಮುನ್ನುಡಿ ಬರೆದು ಸುಳ್ಳು ಹೇಳುವವರು. ಇದನ್ನೆಲ್ಲ ಹಗಲಿಡೀ ಕಿವಿಯಲ್ಲಿ ತುಂಬಿಸಿಕೊಂಡು ಮನೆಗೆ ಬಂದರೆ ಇಲ್ಲಿ ಅತ್ತೆ. 'ನಾನೇನೂ ಹೇಳೋಳಲ್ಲಮ್ಮ' ಎಂದರೆಂದರೆ ಅರ್ಧ ಗಂಟೆಗೆ ಕುರ್ಚಿ ಎಳೆದುಕೊಂಡು ಕೂರಬೇಕು ಎಂದರ್ಥ. ನಮ್ಮವರು ಹೋಗಿ ಮೂರು ವರ್ಷವಾಯಿತು. ಮಗನನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವಳು, ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಅದರಲ್ಲೂ ಒಬ್ಬರ ಬಾಯಿಗೆ ಬಿಡುವಿಲ್ಲ.

ಮಾರ್ಚ್ 4, ಮಂಗಳವಾರ

ಹೊಸ ವಿಚಾರಣೆ. ನಾಲ್ಕು ಮಹಡಿಯ ಆಫೀಸ್ ಕಟ್ಟಡವೊಂದರ ಲಿಫ್ಟ್ ರಿಪೇರಿಗೆ ಇಬ್ಬರು ಹೋಗಿದ್ದರು. ಒಬ್ಬ ಕೆಳಗೆ ಲಿಫ್ಟಿನ ಅಡಿಯ ಗುಂಡಿಯಲ್ಲಿ, ಇನ್ನೊಬ್ಬ ಮೇಲೆ ಯಂತ್ರದ ಕೋಣೆಯಲ್ಲಿ. ಮೇಲಿನವನು ಚಾಲೂ ಮಾಡಿದ ಕೂಡಲೇ ಲಿಫ್ಟ್ ಇಳಿದು ಬಂದು ಕೆಳಗಿನವನ ಮೇಲೆ ಕೂತಿತು. ಜಾಗದಲ್ಲೇ ಹೋದ. ಗುಂಡಿಯೊಳಗೆ ಒಂದು ಸ್ವಿಚ್ ಇರುತ್ತದಂತೆ, ಅದು ಆಫ್ ಆಗಿದ್ದರೆ ಲಿಫ್ಟ್ ಅಲುಗಾಡುವುದಿಲ್ಲ. ಅದು ಆಫ್ ಆಗಿತ್ತೇ, ಇಲ್ಲವೇ? ಇಡೀ ವಿಚಾರಣೆ ಇರುವುದು ಇಷ್ಟಕ್ಕೇ.

ಬದುಕಿ ಉಳಿದ ಮೆಕ್ಯಾನಿಕ್ ಮೂವರ ವಿಚಾರಣಾ ಸಮಿತಿಯ ಮುಂದೆ ಬಂದ. ಧ್ವನಿಮುದ್ರಣಕ್ಕೆಂದು ನಾನೂ ಅಲ್ಲೇ ಕೂತಿದ್ದೆ. ಉದ್ದನೆಯ ಮನುಷ್ಯ, ಕೈ ಎಲ್ಲಿಡಬೇಕೆಂದು ಗೊತ್ತಿಲ್ಲದವನಂತೆ ಒಮ್ಮೆ ಮೇಜಿನ ಮೇಲೆ, ಒಮ್ಮೆ ತೊಡೆಯ ಮೇಲೆ ಇಡುತ್ತಿದ್ದ. ಅಧ್ಯಕ್ಷರು ವಯಸ್ಸು ಕೇಳಿದರು.

'ನನಗೆ ಗೊತ್ತಿರೋ ಮಟ್ಟಿಗೆ ನಲವತ್ತೆಂಟು ಸಾರ್.'

ಸಮಿತಿಯ ಮೂವರೂ ನಕ್ಕರು. ಬಾಗಿಲ ಬಳಿ ನಿಂತ ಜವಾನನೂ ನಕ್ಕ. ಮೆಕ್ಯಾನಿಕ್ ತಾನೂ ನಕ್ಕ, ಆದರೆ ಕಿವಿ ಕೆಂಪಾಯಿತು. ಅಲ್ಲಿಂದ ಶುರು. ಎಷ್ಟು ವರ್ಷದ ಅನುಭವ? ನನಗೆ ಗೊತ್ತಿರೋ ಮಟ್ಟಿಗೆ ಇಪ್ಪತ್ತಾರು. ಸತ್ತವನ ಜೊತೆ ಎಷ್ಟು ವರ್ಷ? ನನಗೆ ಗೊತ್ತಿರೋ ಮಟ್ಟಿಗೆ ಹದಿನೆಂಟು. ನನ್ನ ತಲೆ ಚಿಟ್ಟು ಹಿಡಿಯಿತು. ಅಯ್ಯಾ, ನಿನಗೆ ಗೊತ್ತಿರುವಷ್ಟನ್ನೇ ನೀನು ಹೇಳುವುದು ಎಂದು ನಮಗೆ ಗೊತ್ತಿಲ್ಲವೇ? ಬೇರೆಯವರಿಗೆ ಗೊತ್ತಿರುವುದನ್ನು ನೀನು ಹೇಗೆ ಹೇಳುತ್ತೀ?

ಮಾರ್ಚ್ 5, ಬುಧವಾರ

ಹಸಿ ಪ್ರತಿ ಮುಗಿಯಿತು. ಒಂದೂವರೆ ಗಂಟೆಯ ಧ್ವನಿ, ಇಪ್ಪತ್ತಮೂರು ಪುಟ. ಎಣಿಸಿದೆ: ನಲವತ್ತೊಂದು 'ನನಗೆ ಗೊತ್ತಿರೋ ಮಟ್ಟಿಗೆ'. ನನ್ನ ಸರ್ವೀಸಿನಲ್ಲೇ ದಾಖಲೆ. ಹಿಂದಿನ ದಾಖಲೆ ಒಬ್ಬ ಬಸ್ ಡ್ರೈವರ್‌ನದು, 'ಒಂದ್ ಲೆಕ್ಕದಲ್ಲಿ' ಮೂವತ್ತಾರು.

ಒಂದೊಂದನ್ನೂ ಹುಡುಕಿ ತೆಗೆಯುವ ತಾಳ್ಮೆ ಯಾರಿಗಿದೆ? ಕಂಪ್ಯೂಟರಿಗೆ ಹೇಳಿದೆ, ಈ ಮೂರು ಪದ ಒಟ್ಟಿಗೆ ಎಲ್ಲಿ ಕಂಡರೂ ಕಿತ್ತು ಬಿಸಾಡು ಅಂತ. ಒಂದೇ ಏಟು. ನಲವತ್ತೊಂದೂ ಮಾಯ! ಉಳಿದ ತೊದಲು, ಅರ್ಧ ವಾಕ್ಯ ಎಲ್ಲ ಕೈಯಿಂದ ತೆಗೆದೆ. ಇಪ್ಪತ್ತಮೂರು ಪುಟ ಹತ್ತೊಂಬತ್ತಕ್ಕೆ ಇಳಿಯಿತು. ಆಮೇಲೆ ಓದಿದರೆ ಬೇರೆಯೇ ಮನುಷ್ಯ ಮಾತಾಡಿದ ಹಾಗಿತ್ತು. ನೇರ, ಗಟ್ಟಿ. ಆಫೀಸಿನಲ್ಲಿ ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು. ಸಾಹೇಬರೂ ನೋಡಿದರು. 'ತಪ್ಪು ತಿಳ್ಕೋಬೇಡಿ, ತುಂಬಾ ಚೆನ್ನಾಗಿದೆ' ಎಂದರು.

ಮಾರ್ಚ್ 7, ಶುಕ್ರವಾರ

ಮೆಕ್ಯಾನಿಕ್ ಬಂದು ಸಹಿ ಹಾಕಿದ. ಹಸಿ ಪ್ರತಿ ಚೂರು ಮಾಡಿದೆ. ಧ್ವನಿಮುದ್ರಿಕೆ ಅಳಿಸುವ ದಿನ ಏಪ್ರಿಲ್ 6 ಎಂದು ಗುರುತು ಹಾಕಿಕೊಂಡೆ. ಅವತ್ತು ಭಾನುವಾರ, ಶುಕ್ರವಾರ ನಾಲ್ಕನೇ ತಾರೀಖಿಗೇ ಮಾಡಿ ಮುಗಿಸಬೇಕು.

ಮಾರ್ಚ್ 11, ಮಂಗಳವಾರ

ಇವತ್ತು ಅತ್ತೆಗೆ ಹೇಳಿಯೇಬಿಟ್ಟೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶುರುವಾಯಿತು: 'ನಾನೇನೂ ಹೇಳೋಳಲ್ಲಮ್ಮ. ಆದ್ರೆ ಪಕ್ಕದ ಮನೆಯವ್ರು ನಲ್ಲಿ ನೀರು ಹಾಗೇ ಬಿಟ್ಟು ಹೋಗಿದ್ರು, ನಾನೇನೂ ಹೇಳೋಳಲ್ಲ, ನಿಂಗೆ ಗೊತ್ತಲ್ಲ ನನ್ನ ಸ್ವಭಾವ...'

'ಹೇಳೋಳಲ್ಲ ಅಂದ್ಮೇಲೆ ಹೇಳ್ಬೇಡಿ ಅತ್ತೆ. ಹೇಳೋದಿದ್ರೆ ನೇರವಾಗಿ ಹೇಳಿ. ನಂಗೆ ಕಿವಿ ತೂತು ಬಿದ್ದಿದೆ.'

ಸ್ವಲ್ಪ ಜೋರಾಯಿತೋ ಏನೋ. ಅವರು ನನ್ನ ಮುಖ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಒಣಗಿದ ಬಟ್ಟೆ ಮಡಚಿದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು.

ಮಾರ್ಚ್ 12

ಮನೆ ಶಾಂತ. ಅಬ್ಬಾ.

ಮಾರ್ಚ್ 16, ಭಾನುವಾರ

ಅತ್ತೆ ಈಗ ಲೆಕ್ಕ ಹಾಕಿ ಮಾತಾಡುತ್ತಾರೆ. 'ಊಟಕ್ಕೆ ಬಾ.' 'ಹಾಲು ಬಂದಿಲ್ಲ.' 'ಬಾಗ್ಲು ಹಾಕ್ಕೋ.' ಒಂದಕ್ಷರ ಹೆಚ್ಚಿಲ್ಲ. ಚೊಕ್ಕವಾಗಿದೆ. ಇಷ್ಟು ಸುಲಭವಾಗಿ ಸರಿಹೋಗುವುದಿದ್ದರೆ ಮೂರು ವರ್ಷ ಯಾಕೆ ಸಹಿಸಿಕೊಂಡೆ?

ಊಟದ ಹೊತ್ತಿಗೆ ಗೋಡೆ ಗಡಿಯಾರದ ಸದ್ದು ಬಹಳ ಕೇಳಿಸುತ್ತದೆ. ಅದರ ಬ್ಯಾಟರಿ ಬದಲಿಸಬೇಕು.

ಮಾರ್ಚ್ 20, ಗುರುವಾರ

ಸಮಿತಿಯ ವರದಿ ಟೈಪಿಗೆ ಬಂತು. ಮೆಕ್ಯಾನಿಕ್‌ನ ಮೇಲೇ ಬಂದಿದೆ. ಲಿಫ್ಟಿನ ಯಂತ್ರದೊಳಗೆ ಎಲ್ಲ ದಾಖಲಾಗುತ್ತದಂತೆ. ಅದರ ಪ್ರಕಾರ ಆ ಬೆಳಿಗ್ಗೆ ಗುಂಡಿಯ ಸ್ವಿಚ್ಚನ್ನು ಯಾರೂ ಮುಟ್ಟಿಯೇ ಇಲ್ಲ. ಆನ್ ಇದ್ದದ್ದು ಆನ್ ಆಗಿಯೇ ಇತ್ತು. 'ಆದರೂ ಸ್ವಿಚ್ ಆಫ್ ಆಗಿತ್ತೆಂದು ಸದರಿ ಮೆಕ್ಯಾನಿಕ್ ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಹೇಳಿದ್ದಾನೆ. ಇದು ನಿರ್ಲಕ್ಷ್ಯವನ್ನು ಮುಚ್ಚಿಕೊಳ್ಳಲು ಹೇಳಿದ ಸುಳ್ಳು.' ಲೈಸೆನ್ಸ್ ರದ್ದು, ಪೊಲೀಸರಿಗೆ ಪ್ರಕರಣ. ಅಂತಿಮ ಸಹಿ ಆಗುವುದೊಂದು ಬಾಕಿ.

ಸುಳ್ಳು ಹೇಳಿದ, ಸಿಕ್ಕಿಬಿದ್ದ. ನನಗೇನೂ ಅನ್ನಿಸಲಿಲ್ಲ. ಹದಿನಾಲ್ಕು ಪುಟ ಒಂದೇ ಕೂರಿಕೆಯಲ್ಲಿ ಮುಗಿಸಿದೆ.

ಮಾರ್ಚ್ 24, ಸೋಮವಾರ

ಮೆಕ್ಯಾನಿಕ್‌ನ ಹೆಂಡತಿ ಬಂದಿದ್ದಳು. ಸಾಹೇಬರು ರಜೆ. ಜವಾನ ಸೀದಾ ನನ್ನ ಮೇಜಿಗೆ ಕಳಿಸಿಬಿಟ್ಟ. ಹೊಲಿಗೆ ಕೆಲಸದವಳಿರಬೇಕು, ಕುಪ್ಪಸದ ಮೇಲೆ ಬಣ್ಣಬಣ್ಣದ ದಾರದ ತುಂಡು ಅಂಟಿಕೊಂಡಿದ್ದವು. ಕೈಯಲ್ಲಿ ನಮ್ಮ ಚೊಕ್ಕ ಪ್ರತಿ. ಹೇಳಿಕೆ ಕೊಟ್ಟವರಿಗೆಲ್ಲ ಅಂಚೆಯಲ್ಲಿ ಒಂದು ಪ್ರತಿ ಹೋಗುತ್ತದೆ.

'ಇದು ನಮ್ಮವರು ಆಡಿದ ಮಾತಲ್ಲ ಅಕ್ಕಾ.'

'ಅವರೇ ಓದಿ ಸಹಿ ಹಾಕಿದ್ದಾರೆ.'

'ಸಹಿ ಅವರ್ದೇ. ಮಾತು ಅವರ್ದಲ್ಲ. ನೀವ್ ನಗ್ತೀರಿ ಏನೋ. ಹಾಲು ಉಕ್ತಾ ಅಂತ ಕೇಳಿದ್ರೂ ಅವರು "ನನಗೆ ಗೊತ್ತಿರೋ ಮಟ್ಟಿಗೆ ಉಕ್ಕಿಲ್ಲ" ಅಂತಾರೆ. ಇಪ್ಪತ್ತು ವರ್ಷ ನಾನು ಆ ಮಾತಿಗೇ ಜಗಳ ಆಡಿದ್ದೀನಿ. ತವರಿನವರ ಮುಂದೆ ಮಾನ ಹೋಗುತ್ತೆ, ಬಿಡ್ರೀ ಅಂತ ಬೇಡ್ಕೊಂಡಿದ್ದೀನಿ. ಬಿಟ್ಟಿಲ್ಲ. ಇದರಲ್ಲಿ ನೋಡಿದ್ರೆ ಒಂದೇ ಒಂದ್ ಕಡೆ ಇಲ್ಲ. ಎಲ್ಲಿ ಹೋಯ್ತು?'

ಅದು ಕಚೇರಿಯ ನಿಯಮ, ಮಾತಿನ ಚಟವನ್ನು ತೆಗೆಯುತ್ತೇವೆ, ಅರ್ಥ ಬದಲಾಗುವುದಿಲ್ಲ ಎಂದೆ. ಇಪ್ಪತ್ತೆರಡು ವರ್ಷದಿಂದ ಜನರಿಗೆ ಹೇಳುತ್ತ ಬಂದ ಮಾತು. ಅವಳು ಎರಡನೇ ಪುಟ ತೆಗೆದು ನನ್ನ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. 'ಸ್ವಿಚ್ ಆಫ್ ಆಗಿತ್ತು.'

'ಮೇಲಿದ್ದೋರಿಗೆ ಕೆಳಗಿನ ಸ್ವಿಚ್ ಹೇಗ್ ಕಾಣುತ್ತೆ ಅಕ್ಕಾ? ಕೆಳಗಿನವರು ಸ್ವಿಚ್ ಆಫ್ ಮಾಡಿ ಆಯ್ತು ಅಂತ ಕೂಗ್ಬೇಕು, ಕೂಗು ಕೇಳಿದ್ಮೇಲೆ ಮೇಲಿನವರು ಕೈ ಹಾಕ್ಬೇಕು. ಅದೇ ಅವರ ಕೆಲ್ಸದ ಪದ್ಧತಿ. ಇಲ್ಲಿ ಅವರೇ ಕಣ್ಣಾರೆ ಕಂಡ ಹಾಗೆ ಬರ್ದಿದೆಯಲ್ಲ.'

ಸಾಹೇಬರು ಬಂದಾಗ ಬಾ ಎಂದು ಕಳಿಸಿದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ. ಹೋಗುವಾಗ ಮೇಜಿನ ಮೇಲೆ ಒಂದು ಹಸಿರು ದಾರ ಬಿದ್ದಿತ್ತು, ಒರೆಸಿ ಬಿಸಾಡಿದೆ.

ಮಾರ್ಚ್ 25, ಮಂಗಳವಾರ

ಕೇಳಿದೆ. ಆ ಧ್ವನಿಮುದ್ರಿಕೆಯನ್ನು. ಕೇಳಬಾರದಿತ್ತು. ಇಲ್ಲ, ಕೇಳಲೇಬೇಕಿತ್ತು.

ಅಧ್ಯಕ್ಷರು: 'ಗುಂಡಿಯೊಳಗಿನ ಸ್ವಿಚ್ ಆಫ್ ಆಗಿತ್ತಾ?' ಮೆಕ್ಯಾನಿಕ್: 'ನನಗೆ ಗೊತ್ತಿರೋ ಮಟ್ಟಿಗೆ ಸ್ವಿಚ್ ಆಫ್ ಆಗಿತ್ತು ಸಾರ್. ನಾನು ಮೇಲ್ಗಡೆ...' ಅಧ್ಯಕ್ಷರು: 'ಸರಿ ಸರಿ, ಮುಂದಿನ ಪ್ರಶ್ನೆ.'

ಇಷ್ಟೇ. 'ನನಗೆ ಗೊತ್ತಿರೋ ಮಟ್ಟಿಗೆ' ಆ ಒಂದೇ ಏಟಿಗೆ ಹೋಯಿತು. 'ನಾನು ಮೇಲ್ಗಡೆ' ಅರ್ಧ ವಾಕ್ಯವೆಂದು ನಾನೇ ಕೈಯಾರೆ ತೆಗೆದೆ. ಉಳಿದದ್ದು ಮೂರು ಪದ. ಆ ಮೂರು ಪದದ ಮೇಲೆ ಹದಿನಾಲ್ಕು ಪುಟದ ವರದಿ ಕೂತಿದೆ.

ಆ ಜಾಗವನ್ನು ಮತ್ತೆ ಮತ್ತೆ ಕೇಳಿದೆ. ವಯಸ್ಸು ಹೇಳುವಾಗ ಮೆಕ್ಯಾನಿಕ್ ಆ ಮಾತನ್ನು ಗಡಬಡಿಸಿ ಹೇಳುತ್ತಾರೆ. ಇಲ್ಲಿ ಹಾಗಲ್ಲ. 'ಗೊತ್ತಿರೋ' ಎಂದು ಸ್ವಲ್ಪ ತಡೆದು 'ಮಟ್ಟಿಗೆ' ಎನ್ನುತ್ತಾರೆ. ಅಥವಾ ನನಗೆ ಈಗ ಹಾಗೆ ಕೇಳಿಸುತ್ತಿದೆಯೋ ಏನೋ. ಅವತ್ತು ನನ್ನ ಕಿವಿ ಅದನ್ನು ಎಣಿಸುತ್ತಿತ್ತು, ಅಷ್ಟೇ.

ಮಾರ್ಚ್ 26, ಬುಧವಾರ

ಸಾಹೇಬರಿಗೆ ಹೇಳಿದೆ. ಹೆಡ್‌ಫೋನ್ ಕೊಟ್ಟು ಕೇಳಿಸಿದೆ ಕೂಡ. ಅವರು ಸಮಾಧಾನವಾಗಿಯೇ ಕೇಳಿ ಕೆಳಗಿಟ್ಟರು.

'ತಪ್ಪು ತಿಳ್ಕೋಬೇಡಿ. ಆ ಮನುಷ್ಯ ವಯಸ್ಸಿಗೂ ಅದನ್ನೇ ಹೇಳಿದ್ದಾನೆ. ಮನೆ ವಿಳಾಸಕ್ಕೂ ಅದೇ. ನಲವತ್ತೊಂದು ಕಡೆ ಹೇಳಿದ ಮಾತಿಗೆ ನಲವತ್ತು ಕಡೆ ಅರ್ಥ ಇಲ್ಲ, ಒಂದು ಕಡೆ ಮಾತ್ರ ಇದೆ ಅಂತ ಹೇಗೆ ಹೇಳ್ತೀರಿ?'

ಇಪ್ಪತ್ತೆರಡು ವರ್ಷ ನಾನೂ ಇದನ್ನೇ ನಂಬಿದ್ದೆ.

'ಸಹಿ ಆಗಿದೆ' ಎಂದರು. 'ನೀವು ಈಗ ಇದನ್ನ ಎತ್ತಿದ್ರೆ ನಿಮ್ಮ ಇಷ್ಟು ವರ್ಷದ ಎಲ್ಲ ಪ್ರತೀನೂ ಹೊರಗೆ ತೆಗೀರಿ ಅಂತಾರೆ. ಯಾರ್ ಯಾರ ಕೇಸಲ್ಲಿ ಏನೇನ್ ತೆಗ್ದಿದ್ದೀರೋ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.'

ಅದೊಂದನ್ನು ನಾನು ಯೋಚಿಸಿರಲಿಲ್ಲ. ಈಗ ಬೇರೇನೂ ಯೋಚನೆಗೆ ಬರುತ್ತಿಲ್ಲ. ಆ ಬಸ್ ಡ್ರೈವರ್ 'ಒಂದ್ ಲೆಕ್ಕದಲ್ಲಿ ನಾನು ನೋಡಿದೆ' ಎಂದಿದ್ದನೇ? ಧ್ವನಿ ಇಲ್ಲ, ಹಸಿ ಪ್ರತಿ ಇಲ್ಲ. ಅವನಿಗೆ ಕೊನೆಗೆ ಏನಾಯಿತೆಂದೂ ಗೊತ್ತಿಲ್ಲ.

ಮಾರ್ಚ್ 27

ಬರೆಯಲು ತೋಚುತ್ತಿಲ್ಲ. ಅತ್ತೆ 'ಯಾಕೆ?' ಎಂದರು. 'ಏನಿಲ್ಲ' ಎಂದೆ. ಅವರು ಮುಂದೆ ಕೇಳಲಿಲ್ಲ. ಮೊದಲಾಗಿದ್ದರೆ 'ನಾನೇನೂ ಕೇಳೋಳಲ್ಲಮ್ಮ' ಎಂದು ಕೇಳಿ ಕೇಳಿ ಬಾಯಿ ಬಿಡಿಸುತ್ತಿದ್ದರು.

ಮಾರ್ಚ್ 28, ಶುಕ್ರವಾರ

ನಮ್ಮವರು ಕೊನೆಗೆ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಡಾಕ್ಟರು 'ಏನೂ ಆಗಲ್ಲ ಬಿಡಿ' ಎಂದದ್ದು ಹದಿನೇಳು ಸಲ. ಅದನ್ನೂ ಎಣಿಸಿದ್ದೆ. ಆಮೇಲೆ ಆ ಡಾಕ್ಟರನ್ನು ಮನಸ್ಸಿನಲ್ಲಿ ಎಷ್ಟು ಶಪಿಸಿದ್ದೇನೋ, ಗೊತ್ತಿಲ್ಲದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಿತ್ತು ಅಂತ. ಇವತ್ತು ಬಸ್ಸಿನಲ್ಲಿ ನೆನಪಾಯಿತು, ಅವರು ಒಂದು ಸಲ, ಒಂದೇ ಸಲ, 'ನಮಗೆ ಕಾಣೋ ಮಟ್ಟಿಗೆ ಏನೂ ಆಗಲ್ಲ' ಎಂದಿದ್ದರು. ಐದನೇ ದಿನವಿರಬೇಕು. ಅದನ್ನೂ ನಾನು ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಅವತ್ತು ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ, ಎದುರಿಗೆ ಕೂರಿಸಿಕೊಂಡು 'ಕಾಣದೆ ಇರೋದು ಏನಿದೆ ಹೇಳಿ' ಎಂದು ಕೇಳಿದ್ದರೆ? ಇವರು ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಕೊನೆಯ ನಾಲ್ಕು ದಿನ ನಾನು ಆಫೀಸಿಗೆ ಹೋಗುತ್ತಿರಲಿಲ್ಲ.

ಸಾಹೇಬರನ್ನು ದಾಟಿ ಅಧ್ಯಕ್ಷರಿಗೇ ಟಿಪ್ಪಣಿ ಬರೆದು ಕೊಟ್ಟೆ. ಒಂದು ಪುಟ. ಹೇಳಿಕೆ ಕೊಟ್ಟವರು ಸಂಶಯ ಸೂಚಿಸಿ ಆಡಿದ ಮಾತನ್ನು ನಾನು ಅಳಿಸಿದ್ದೇನೆ, ತಪ್ಪು ನನ್ನದು, ಧ್ವನಿಮುದ್ರಿಕೆ ಇನ್ನೂ ಇದೆ, ದಯವಿಟ್ಟು ಕೇಳಿ. ನಾಲ್ಕು ಸಲ ತಿದ್ದಿದೆ. ಯಾವ ವಾಕ್ಯವನ್ನೂ ಗಟ್ಟಿಯಾಗಿ ನಿಲ್ಲಿಸಲು ಆಗಲಿಲ್ಲ, ಎಲ್ಲದರ ಹಿಂದೆ ಒಂದು 'ಬಹುಶಃ' ಬಂದು ಕೂತಿತು. ಹಾಗೇ ಬಿಟ್ಟೆ.

ಏಪ್ರಿಲ್ 1, ಮಂಗಳವಾರ

ಅಧ್ಯಕ್ಷರು ಒಪ್ಪಿದ್ದಾರೆ. ಗುರುವಾರ ಮೆಕ್ಯಾನಿಕ್‌ರನ್ನು ಮತ್ತೆ ಕರೆಸುತ್ತಾರೆ. ಟೈಪಿಗೆ ನಾನೇ ಕೂರಬೇಕು. ಸಾಹೇಬರು ಎರಡು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಫ್ಯಾನ್ ತಾವೇ ಎದ್ದು ಹೋಗಿ ಕಡಿಮೆ ಮಾಡಿಕೊಳ್ಳುತ್ತಾರೆ.

ಸಂಜೆ ಅತ್ತೆಯ ಪಕ್ಕ ಹೋಗಿ ಕೂತೆ. 'ಏನಾದ್ರೂ ಹೇಳಿ ಅತ್ತೆ' ಎಂದೆ.

'ಏನ್ ಹೇಳ್ಲಿ?'

'ಏನಾದ್ರೂ. ಪಕ್ಕದ ಮನೆಯವರ ವಿಷಯ.'

'ಅವ್ರು ಮನೆ ಖಾಲಿ ಮಾಡ್ಕೊಂಡು ಹೋಗಿ ವಾರ ಆಯ್ತು' ಎಂದರು. ಅಷ್ಟಕ್ಕೇ ನಿಲ್ಲಿಸಿದರು. ಇನ್ನೇನೋ ಇತ್ತು, ಬಾಯಿಯವರೆಗೆ ಬಂದು ಹೋಯಿತು ಅನ್ನಿಸಿತು. ಅನ್ನಿಸಿತು ಅಷ್ಟೇ.

ಏಪ್ರಿಲ್ 3, ಗುರುವಾರ

ಎಲ್ಲವನ್ನೂ ಬರೆದಿಡಬೇಕು. ಬಂದ ಹಾಗೇ ಬರೆಯುತ್ತೇನೆ, ಏನೂ ತೆಗೆಯುವುದಿಲ್ಲ.

ಹತ್ತೂವರೆಗೆ ವಿಚಾರಣೆ. ಹತ್ತು ಗಂಟೆಗೇ ಗಂಡ ಹೆಂಡತಿ ಮೊಗಸಾಲೆಯ ಬೆಂಚಿನ ಮೇಲಿದ್ದರು. ಮೆಕ್ಯಾನಿಕ್ ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದರು, ಕೈಯಲ್ಲಿ ಚೊಕ್ಕ ಪ್ರತಿ. ಬಾಯಲ್ಲೇ ಏನೋ ಗುನುಗುತ್ತಿದ್ದರು. ಸಾಕ್ಷಿಗಳ ಜೊತೆ ನಾವು ಮಾತಾಡಕೂಡದು. ಆದರೂ ಹೋದೆ.

'ನಮಸ್ಕಾರಮ್ಮ' ಎಂದು ಎದ್ದು ನಿಂತರು. 'ನೀವೇ ಅಲ್ವಾ ಇದನ್ನ ಟೈಪ್ ಮಾಡಿದ್ದು? ಎಷ್ಟು ಚೆನ್ನಾಗ್ ಮಾಡಿದ್ದೀರಿ. ಓದಿದಾಗ ಇದು ನಾನೇನಾ ಅನ್ನಿಸ್ತು. ಸಣ್ಣವನಿದ್ದಾಗಿಂದ್ಲೂ ನಾನು ಬಾಯ್ ಬಿಟ್ರೆ ಸಾಕು, ಜನ ನಗ್ತಾರೆ. ಇದನ್ನ ಓದಿ ನಗ್ಲಿ ನೋಡೋಣ! ಪೂರ್ತಿ ಬಾಯಿಪಾಠ ಮಾಡಿದ್ದೀನಿ.'

ನಾನು ಹೆಂಡತಿಯ ಮುಖ ನೋಡಿದೆ.

'ಇದು ಅಂಚೇಲಿ ಬಂದ ದಿನದಿಂದ ಕನ್ನಡಿ ಮುಂದೆ ನಿಂತು ಇದೇ ಕೆಲ್ಸ' ಎಂದಳು ಹೆಂಡತಿ. 'ಬೇಡ್ರೀ, ನೀವು ಆಡೋ ಹಾಗೇ ಆಡಿ ಅಂತ ಬಡ್ಕೊಂಡೆ. ಕೇಳ್ತಾನೇ ಇಲ್ಲ. ನೀವಾದ್ರೂ ಹೇಳಿ ಅಕ್ಕಾ.'

'ಅವತ್ತು ನೀವು ಹೇಳಿದ ಮಾತನ್ನ ನಾನು ತೆಗ್ದುಬಿಟ್ಟೆ' ಎಂದೆ. 'ತೆಗೀಬಾರ್ದಿತ್ತು. ಇವತ್ತು ಅದನ್ನ ಸೇರಿಸಿ ಹೇಳಿ. ನಿಮಗೆ ಗೊತ್ತಿರೋ ಮಟ್ಟಿಗೆ ಅಂತ ಹೇಳಿ.'

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ. 'ಇಲ್ಲಮ್ಮ, ಬಹಳ ಕಷ್ಟಪಟ್ಟು ಬಿಟ್ಟಿದ್ದೀನಿ.'

'ಮೇಲಿಂದ ಗುಂಡಿ ಸ್ವಿಚ್ ಕಾಣುತ್ತಾ?'

'ಎಲ್ಲಿ ಕಾಣುತ್ತೆ, ನಾಲ್ಕು ಮಹಡಿ ಕೆಳಗೆ. ಅವನು ಆಯ್ತು ಅಂತ ಕೂಗ್ದ, ನಾನು ಕೈ ಹಾಕ್ದೆ.'

'ಅದನ್ನೇ ಒಳಗೆ ಹೇಳಿ. ದಮ್ಮಯ್ಯ.'

ಅವರ ಮುಖ ಬದಲಾಯಿತು. 'ಅವನ ಹೆಸರೆತ್ತಿದ್ರೆ ನಂಗೆ ಮಾತು ಹೊರಡಲ್ಲಮ್ಮ. ಹದಿನೆಂಟು ವರ್ಷ. ಅವನು ಆಯ್ತು ಅಂದ್ಮೇಲೆ ಆಗದೇ ಇದ್ದದ್ದು ಒಂದ್ ದಿನಾನೂ ಇಲ್ಲ. ಅವನು ಆಫ್ ಅಂದ್ರೆ ಆಫೇ. ಯಂತ್ರಕ್ಕೇನ್ ಗೊತ್ತು?' ಆಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ, 'ಕೇಳಿದ್ರೆ ಹೇಳ್ತೀನಿ ಬಿಡಿ' ಎಂದರು. ಅಷ್ಟರಲ್ಲಿ ಜವಾನ ಕೂಗಿದ.

ಒಳಗೆ ನಾನು ಧ್ವನಿಮುದ್ರಿಕೆ ಸಿದ್ಧಮಾಡಿ ಇಟ್ಟಿದ್ದೆ. ಸ್ವಿಚ್ಚಿನ ಮಾತು ಬರುವ ಜಾಗವನ್ನೂ ಗುರುತು ಮಾಡಿಟ್ಟಿದ್ದೆ. ಗುಂಡಿ ಒತ್ತುವುದೊಂದೇ ಬಾಕಿ. ಅಧ್ಯಕ್ಷರು ಅದರತ್ತ ನೋಡಿ ಗಡಿಯಾರ ನೋಡಿದರು.

'ಒಂದೂವರೆ ಗಂಟೆ ಇದನ್ನ ಯಾರ್ ಕೇಳ್ತಾರೆ? ಮನುಷ್ಯ ಎದುರಿಗೇ ಇದ್ದಾನೆ. ಅವನ್ನೇ ಕೇಳಿಬಿಟ್ರೆ ಆಯ್ತು.' ಮೆಕ್ಯಾನಿಕ್‌ರತ್ತ ತಿರುಗಿದರು. 'ನೋಡಪ್ಪ, ನಿನ್ನ ಮಾತಲ್ಲಿ ಏನೋ ಅನುಮಾನ ಇತ್ತು, ಅದು ಪ್ರತೀಲಿ ಬಂದಿಲ್ಲ ಅಂತ ನಮ್ಮ ಟೈಪಿಸ್ಟು ಬರ್ದಿದ್ದಾರೆ. ನೇರವಾಗಿ ಹೇಳು. ಸ್ವಿಚ್ ಆಫ್ ಆಗಿತ್ತಾ?'

'ಸ್ವಿಚ್ ಆಫ್ ಆಗಿತ್ತು ಸಾರ್.'

'ಖಂಡಿತವಾಗಿ?'

'ಖಂಡಿತವಾಗಿ ಸಾರ್.'

ಒಂದು ಅಕ್ಷರ ತಡವರಿಸಲಿಲ್ಲ. ಬೆನ್ನು ನೆಟ್ಟಗೆ, ಎರಡೂ ಕೈ ತೊಡೆಯ ಮೇಲೆ ಅಲುಗಾಡದೆ. ಯಾರೂ ನಗಲಿಲ್ಲ. ಅಧ್ಯಕ್ಷರು ಸಮಿತಿಯ ಉಳಿದಿಬ್ಬರ ಮುಖ ನೋಡಿದರು. 'ಇನ್ನೇನಾದ್ರೂ ಹೇಳೋದಿದೆಯಾ?'

ಮೆಕ್ಯಾನಿಕ್ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ, ಹೇಳಿ ಹೇಳಿ ಎಂದು. ಅವರು ಅಧ್ಯಕ್ಷರ ಕಡೆ ತಿರುಗಿದರು. 'ಇಲ್ಲ ಸಾರ್' ಎಂದರು.

ನಾನು ಎದ್ದು ನಿಂತೆ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಬಾಯಿ ತೆರೆದವಳಲ್ಲ. ಹೇಳಬೇಕಾದ ವಾಕ್ಯ ತಲೆಯಲ್ಲಿ ಸ್ಪಷ್ಟವಾಗಿತ್ತು: ಮೇಲಿಂದ ಸ್ವಿಚ್ ಕಾಣುವುದಿಲ್ಲ, ಆಫ್ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿ. ಇಷ್ಟೇ. ಬಾಯಿಂದ ಬಂದದ್ದು ಹೀಗೆ: 'ಸಾರ್, ತಪ್ಪು ತಿಳ್ಕೋಬೇಡಿ, ನಾನೇನೂ ಹೇಳೋಳಲ್ಲ, ಅಂದ್ರೆ ನಾನೇನ್ ಹೇಳ್ತೀನಿ ಅಂದ್ರೆ, ನನಗೆ ಗೊತ್ತಿರೋ ಮಟ್ಟಿಗೆ, ಅದು ಮೇಲಿಂದ, ಮೇಲ್ಗಡೆ ಇದ್ದಾಗ...'

ಸಮಿತಿಯ ಒಬ್ಬರು ನಕ್ಕರು. ಇನ್ನೊಬ್ಬರು ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. 'ಅಮ್ಮಾ, ನೀವು ಟೈಪ್ ಮಾಡೋಕೆ ಬಂದಿರೋದು' ಎಂದು ಅಧ್ಯಕ್ಷರು ಕಡತ ಮುಚ್ಚಿದರು. ನಾನು 'ಸ್ವಿಚ್' ಎನ್ನುವ ಪದಕ್ಕೆ ಬರುವಷ್ಟರಲ್ಲಿ ಕುರ್ಚಿಗಳು ಹಿಂದಕ್ಕೆ ಸರಿದಿದ್ದವು. ವರದಿಗೆ ಅಲ್ಲೇ ನಿಂತುಕೊಂಡು ಮೂವರೂ ಸಹಿ ಹಾಕಿದರು. ಸೋಮವಾರ ಪೊಲೀಸರಿಗೆ ಹೋಗುತ್ತದೆ.

ಟೈಪ್ ಮಾಡಿದ್ದನ್ನು ಸಾಹೇಬರಿಗೆ ಒಪ್ಪಿಸಿದೆ. ಆರು ಸಾಲು. ನಾನು ಎದ್ದು ನಿಂತು ಆಡಿದ್ದನ್ನೂ ಆಡಿದ ಹಾಗೇ ಸೇರಿಸಿದ್ದೆ. ಅವರು ಓದಿ, ಪೆನ್ನು ತೆಗೆದು, ನನ್ನ ಮಾತಿನ ಮೇಲೆ ಒಂದು ಗೆರೆ ಎಳೆದು ವಾಪಸ್ ಕೊಟ್ಟರು.

ಹೊರಗೆ ಬಂದೆ. ಗಂಡ ಹೆಂಡತಿ ಇನ್ನೂ ಮೆಟ್ಟಿಲ ಬಳಿ ನಿಂತಿದ್ದರು. ಹೆಂಡತಿ ನನ್ನ ಮುಖ ನೋಡಿದಳು, ಅವಳಿಗೆ ಎಲ್ಲ ಗೊತ್ತಾಯಿತು. ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಶರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು, ಮುಖ ಮಾತ್ರ ಪರೀಕ್ಷೆ ಮುಗಿಸಿ ಬಂದವರ ಹಾಗಿತ್ತು.

'ಹೇಗಿತ್ತಮ್ಮ? ಈ ಸಲ ಯಾರೂ ನಗ್ಲಿಲ್ಲ ಅಲ್ವಾ?'

ಹೇಳಬೇಕಿತ್ತು. ಅಲ್ಲೇ, ಆಗಲೇ ಹೇಳಬೇಕಿತ್ತು. ನನಗೆ ಆಗಲಿಲ್ಲ.

'ಇಲ್ಲ' ಎಂದೆ. 'ಯಾರೂ ನಗ್ಲಿಲ್ಲ. ಚೆನ್ನಾಗ್ ಹೇಳಿದ್ರಿ.'

ಅವರು ಹೆಂಡತಿಯ ಕಡೆ ತಿರುಗಿ, 'ನೋಡು, ಅವರೇ ಹೇಳ್ತಿದ್ದಾರೆ' ಎಂದರು.